ಹೆಸರು ಕೇಳದ ಸಾಫ್ಟ್‌ವೇರ್ ಬೇಕು

ನಮ್ಮ ಸೋದರತ್ತೆ ಕಾಶಿಬಾಯಿಯ ವಾರದಲ್ಲಿ ಸೋಮವಾರ ಇಲ್ಲ. ಐತವಾರ ಇದೆ, ಅದರ ಮರುದಿನ ಇದೆ, ಆಮೇಲೆ ಮಂಗಳವಾರ. ಗ್ಯಾಸ್ ಸಿಲಿಂಡರ್ ತರುವವನಿಗೆ ಫೋನ್ ಮಾಡಿದರೂ "ಇತವಾರ್ ಕೇ ದೂಸ್ರೇ ದಿನ್ ಆನಾ ಭಯ್ಯಾ" ಎನ್ನುತ್ತಾಳೆ. ಅವನು ಪಾಪ, ಮೊದಮೊದಲು ಯಾವ ದಿನ ಬರಬೇಕೆಂದು ತಿಳಿಯದೆ ಎರಡು ದಿನವೂ ಬಂದು ಹೋಗುತ್ತಿದ್ದ. ಈಗ ನಾಗಪುರದ ಹತ್ತಿರದ ಕೋರಾಡಿಯ ಆ ಓಣಿಯಲ್ಲಿ ಎಲ್ಲರಿಗೂ ಅಭ್ಯಾಸವಾಗಿದೆ.

ಕಾರಣ ಇಷ್ಟೇ. ಅತ್ತೆಯ ಗಂಡನ ಹೆಸರು ಸೋಮಣ್ಣ. ಗಂಡನ ಹೆಸರು ಬಾಯಲ್ಲಿ ಬರಬಾರದು, ಹೆಸರಿನ ತುಂಡೂ ಬರಬಾರದು. ಬಾಗಲಕೋಟೆ ಕಡೆಯ ಆ ತಲೆಮಾರಿನ ಹೆಂಗಸರಲ್ಲಿ ಇದು ದೊಡ್ಡ ಸುದ್ದಿಯೇನಲ್ಲ. ಆದರೆ ಉಳಿದವರು ನಾಗಪುರಕ್ಕೆ ಬಂದ ಮೇಲೆ ಬ್ಯಾಂಕು, ಆಸ್ಪತ್ರೆ, ಮಕ್ಕಳ ಶಾಲೆ ಎಂದು ಅಲ್ಲಲ್ಲಿ ಸಡಿಲ ಬಿಟ್ಟರು, ಅತ್ತೆ ಬಿಡಲಿಲ್ಲ. ಒಮ್ಮೆ ಹಲ್ಲಿನ ದವಾಖಾನೆಯಲ್ಲಿ "ಪೇಶಂಟ್ ಕಾ ನಾಮ್?" ಎಂದು ಕೇಳಿದಾಗ, ಪಕ್ಕದಲ್ಲೇ ಕೂತಿದ್ದ ಮಾವನ ಕಡೆ ಬೆರಳು ತೋರಿಸಿ "ಅವ್ರನ್ನ ಕೇಳ್ರಿ" ಎಂದಳಂತೆ. ಮಾವನ ಬಾಯಿ ತುಂಬ ಹತ್ತಿ ಇತ್ತು. ಅವರು "ಉಂ ಉಂ" ಎಂದರು. ಅಲ್ಲಿದ್ದ ಹುಡುಗಿ ಅದನ್ನೇ ಬರೆದುಕೊಳ್ಳಲು ಹೊರಟಿದ್ದಳು.

ಇಂಥ ಅತ್ತೆ ಒಂದು ದಿನ ಮನೆಯಲ್ಲಿ ಫೋಟೋ, ವಿಡಿಯೊ ಎಡಿಟ್ ಮಾಡಲು ಒಂದು ಒಳ್ಳೆಯ ಸಾಫ್ಟ್‌ವೇರ್ ಆರಿಸಿ ಕೊಡು ಎಂದು ನನಗೆ ಹೇಳಿದಳು. ಅಲ್ಲಿಂದ ಶುರುವಾದದ್ದು ಈ ಕಥೆ.

ಮೊದಲು ಅತ್ತೆಯ ಬಗ್ಗೆ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಹಳ್ಳಿಯ ಪಾಪದ ಹೆಂಗಸು ಎಂದು ತಿಳಿದುಬಿಟ್ಟೀರಿ. ಮದುವೆಯಾಗಿ ಕೋರಾಡಿಯ ವಿದ್ಯುತ್ ಕೇಂದ್ರದ ಕ್ವಾರ್ಟರ್ಸಿಗೆ ಬಂದ ಹೊಸದರಲ್ಲಿ, ಮಾವನ ಮೇಲಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಹಳೆಯ ಕ್ಯಾಮೆರಾ ಕೊಟ್ಟು ಹೋದರು. ಮಾವ ಅದನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಅತ್ತೆ ತೆಗೆದಳು. ಅವತ್ತಿನಿಂದ ಆ ಕಾಲೊನಿಯ ತೊಟ್ಟಿಲು, ಜವಳ, ಗಣಪತಿ, ಹೊಸ ಸ್ಕೂಟರ್, ಹೊಸ ಸೊಸೆ ಎಲ್ಲದರ ಫೋಟೋ ಅವಳದೇ. ಎಷ್ಟೋ ಮನೆಗಳ ಗೋಡೆಯ ಮೇಲೆ ಇವತ್ತಿಗೂ ಅವು ನೇತಾಡುತ್ತಿವೆ.

ಎಡಿಟಿಂಗ್ ಕೂಡ ಅವಳಿಗೆ ಹೊಸದಲ್ಲ. ಆಗ ಕತ್ತರಿಯಿಂದ ಮಾಡುತ್ತಿದ್ದಳು. ಒಂದು ಗುಂಪಿನ ಫೋಟೋದಲ್ಲಿ ಅವಳ ಅತ್ತೆಯ ತಲೆಯಿಂದಲೇ ಕರೆಂಟಿನ ಕಂಬ ಎದ್ದಂತೆ ಬಂದಿತ್ತು. ಇವಳು ಉಗುರು ಕತ್ತರಿಯಿಂದ ಕಂಬವನ್ನು ನಾಜೂಕಾಗಿ ಕೊಯ್ದಳು. ಕಂಬದ ಜೊತೆ ಸೆರಗಿನ ಅಂಚು, ಅರ್ಧ ಕಿವಿ ಹೋಯಿತು. ಆ ಅತ್ತೆ ಮುಂದಿನ ಯುಗಾದಿಯವರೆಗೆ ಇವಳ ಜೊತೆ ಮಾತಾಡಲಿಲ್ಲ.

ಫೋನ್ ಬಂದ ಮೇಲೆ ವಿಡಿಯೊ ಶುರುವಾಯಿತು. ಎಲ್ಲದರಲ್ಲೂ ಸೋಮಣ್ಣ ಮಾವ ಇದ್ದಾರೆ. ಮಾವ ಕಲ್ಲಿದ್ದಲಿನ ಬೆಲ್ಟ್ ನೋಡಿಕೊಳ್ಳುವ ವಿಭಾಗದವರು. ಕ್ಯಾಮೆರಾ ಕಂಡರೆ ಇನ್‌ಸ್ಪೆಕ್ಷನ್ನಿಗೆ ಸಾಹೇಬರು ಬಂದಂತೆ ಕೈ ಹಿಂದೆ ಕಟ್ಟಿ, ನಗದೆ, ನೆಟ್ಟಗೆ ನಿಲ್ಲುತ್ತಾರೆ. ಮಹಾಬಳೇಶ್ವರದಲ್ಲೂ ಹಾಗೆಯೇ, ಮಗಳು ಸ್ವಪ್ನಾಳ ಮದುವೆಯಲ್ಲೂ ಹಾಗೆಯೇ.

ಈ ವರ್ಷ ಮಾವ ನಿವೃತ್ತರಾಗುವವರಿದ್ದರು. ಕಾಲೊನಿಯಲ್ಲಿ ಒಂದು ಪದ್ಧತಿ ಬಿದ್ದಿದೆ. ಕೊನೆಯ ದಿನ ಕಾಲೊನಿಯ ಸಭಾಂಗಣದಲ್ಲಿ ಸತ್ಕಾರ, ಆಮೇಲೆ ಮನೆಯವರು ತಂದ ಒಂದು ಪುಟ್ಟ ವಿಡಿಯೊ, ಆಮೇಲೆ ಊಟ. ಹಿಂದಿನ ತಿಂಗಳು ಪಕ್ಕದ ಮನೆಯ ಪ್ರಭಾ ಆಂಟಿಯ ಗಂಡ ನಿವೃತ್ತರಾದರು. ಅವರ ವಿಡಿಯೊವನ್ನು ನಾಗಪುರದ ಗಾಂಧಿಬಾಗಿನ ಯಾವುದೋ ಸ್ಟುಡಿಯೋದಲ್ಲಿ ಮಾಡಿಸಿದ್ದರು. ಅಂಕಲ್ಲಿನ ಮುಖವನ್ನು ಹದ್ದಿಗೆ ಅಂಟಿಸಿ ವಿದ್ಯುತ್ ಕೇಂದ್ರದ ಚಿಮಣಿಯ ಸುತ್ತ ಹಾರಾಡಿಸಿದ್ದರು. ಕೊನೆಗೆ ಸ್ಟುಡಿಯೋದ ಹೆಸರು, ಮಾಲೀಕನ ಹೆಸರು, ಎರಡು ಫೋನ್ ನಂಬರ್ ಬಂದವು. ಅಂಕಲ್ ಎಷ್ಟು ಹೊತ್ತು ಹಾರಿದರೋ ಅಷ್ಟೇ ಹೊತ್ತು ನಂಬರುಗಳೂ ಪರದೆಯ ಮೇಲಿದ್ದವು. ಜನ ಮೊಬೈಲ್ ತೆಗೆದು ನಂಬರ್ ಬರೆದುಕೊಂಡರು.

ಅದಾದ ಮೇಲೆ ಒಂದು ಸಂಜೆ ದೇವಿಯ ಗುಡಿಯ ಸಾಲಿನಲ್ಲಿ ನಿಂತಾಗ ಪ್ರಭಾ ಆಂಟಿ ಕೇಳಿದರಂತೆ, "ನಿಮ್ಮೋರದ್ದನ್ನೂ ಅಲ್ಲೇ ಕೊಡ್ತೀರಾ? ನಂಬರ್ ಕೊಡ್ಲಾ?" ಪ್ರಭಾ ಆಂಟಿ ಮೈಸೂರಿನವರು.

"ಬ್ಯಾಡ್ರಿ. ಅವರದು ನಾನ ಮಾಡ್ತೀನಿ, ಮನ್ಯಾಗ" ಎಂದಳು ಅತ್ತೆ.

"ಅಯ್ಯೋ, ಅದೇನು ಚಪಾತಿನಾ ರೀ? ನೀವು ಒತ್ತೋದು ಒಂದು ಗುಂಡಿ. ಇದಕ್ಕೆಲ್ಲ ತಿಳ್ಕೊಂಡಿರೋರು ಬೇಕು."

ಹಿಂದೆ ಮುಂದೆ ನಿಂತವರೆಲ್ಲ ನಕ್ಕರು. ನಕ್ಕವರಲ್ಲಿ ಅರ್ಧ ಜನರ ಮಕ್ಕಳ ತೊಟ್ಟಿಲಿನ ಫೋಟೋ ಅತ್ತೆ ತೆಗೆದದ್ದು. ಅವಳು ಮನೆಗೆ ಬಂದು ನಾಗಪುರದ ಲಕ್ಷ್ಮೀ ನಗರದಲ್ಲಿರುವ ನನಗೆ ಫೋನ್ ಮಾಡಿದಳು.

"ಖುಷಿ, ನನಗೊಂದು ಸಾಫ್ಟ್‌ವೇರ್ ಬೇಕು. ಅವರಿಗೆ ಗೊತ್ತಾಗಬಾರದು. ಕೊನಿಗೆ ದೊಡ್ಡ ಅಕ್ಷರದಾಗ ನನ್ನ ಹೆಸರು ಬರಬೇಕು. ಬ್ಯಾರೆ ಯಾರದೂ ಬರಬಾರದು."

"ಅಷ್ಟ ಅಲ್ಲಾ ಅತ್ತಿ? ಸಿಂಪಲ್ ಐತಿ. ಒಂದು ದಿನದ ಕೆಲಸ" ಎಂದೆ ನಾನು. ನಾನು ಕಂಪ್ಯೂಟರ್ ಓದುವವಳು ನೋಡಿ, ಅಷ್ಟು ಧೈರ್ಯ ಇತ್ತು.

ಮೊದಲನೆಯದು ಫೋನಿನಲ್ಲೇ ಹಾಕಿಕೊಳ್ಳುವಂಥದ್ದು, ಪುಕ್ಕಟೆ. ನಮ್ಮ ಕಾಲೇಜಿನಲ್ಲಿ ಎಲ್ಲರೂ ಅದನ್ನೇ ಬಳಸುತ್ತಾರೆ. ಅತ್ತೆ ಗಂಡನ ಹೆಸರಷ್ಟೇ ಅಲ್ಲ, ಯಾವ ಆ್ಯಪಿನ ಹೆಸರನ್ನೂ ಹೇಳುವುದಿಲ್ಲ. ಹೆಸರಿಲ್ಲದೆ ಕರೆದು ಕರೆದು ರೂಢಿಯಾಗಿದೆ. ಇದು ಅವಳ ಬಾಯಲ್ಲಿ "ಹಸರಂದು" ಆಯಿತು, ಗುರುತು ಹಸಿರಾಗಿದ್ದುದರಿಂದ. ಅರ್ಧ ದಿನದಲ್ಲಿ ನಾಲ್ಕು ಫೋಟೋ ಜೋಡಿಸಿ ಹಾಡು ಹಾಕಿ ನನಗೆ ಕಳಿಸಿದಳು. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹೇಳುವ ಮೊದಲೇ ಫೋನ್ ಬಂತು.

"ಮೂಲ್ಯಾಗ ಒಂದು ಹೆಸರು ಕುಂತೈತಲ್ಲ, ಅದ ಯಾರದು?"

"ಅದು ಆ್ಯಪಿಂದು ಅತ್ತಿ. ಪುಕ್ಕಟೆ ಕೊಡ್ತಾರಲ್ಲ, ಅದಕ್ಕ ತಮ್ಮ ಹೆಸರು ಹಾಕ್ಕೋತಾರ."

"ಫೋಟೋ ತೆಗದಾಕಿ ನಾನು. ಜೋಡಿಸಿದಾಕಿ ನಾನು. ಫೋಟೋದಾಗ ನಿಂತವರು ಅವರು. ಇವಂದೇನ ನಡುವ?"

"ರೊಕ್ಕ ಕೊಟ್ರ ತೆಗೀತಾರ. ತಿಂಗಳಾ ತಿಂಗಳಾ ಕೊಡಬೇಕು."

"ನಮ್ಮ ಫೋಟೋ ನಾವು ನೋಡಾಕ ಬಾಡಿಗಿ?" ಎಂದು ಫೋನ್ ಇಟ್ಟಳು. ಹಸಿರು ಅಲ್ಲಿಗೆ ಮುಗಿಯಿತು.

ಎರಡನೆಯದನ್ನು ನನ್ನ ಗೆಳೆಯ ರಂಜನ್ ಹೇಳಿದ. ದೊಡ್ಡ ದೊಡ್ಡ ಸಿನಿಮಾದವರು ಬಳಸುವಂಥದ್ದೇ ಇದು, ಮನೆಯವರಿಗೆ ಪುಕ್ಕಟೆ, ಮೂಲೆಯಲ್ಲಿ ಯಾರ ಹೆಸರೂ ಬರುವುದಿಲ್ಲ ಎಂದ. ಐತವಾರ ಕೋರಾಡಿ ಬಸ್ಸು ಹತ್ತಿ ಹೋಗಿ, ಸ್ವಪ್ನಾ ಬಿಟ್ಟು ಹೋದ ಹಳೆಯ ಲ್ಯಾಪ್‌ಟಾಪಿನಲ್ಲಿ ನಾನೇ ಹಾಕಿಕೊಟ್ಟೆ. ತೆರೆಯುತ್ತಲೇ ಲ್ಯಾಪ್‌ಟಾಪಿನ ಫ್ಯಾನ್ ಹೊಡೆದುಕೊಳ್ಳತೊಡಗಿತು. ಒಳಗೆ ಮಲಗಿದ್ದ ಮಾವ ಎದ್ದು ಬಂದು, "ಯಾವ ಬೇರಿಂಗ್ ಹೋಗೈತಿ?" ಎಂದು ಕೇಳಿದರು. ಅತ್ತೆ ಲ್ಯಾಪ್‌ಟಾಪಿನ ಮೇಲೆ ಟವೆಲ್ ಎಸೆದು, "ಮಿಕ್ಸರ್‌ದು" ಎಂದಳು. ಮಾವ ಮತ್ತೆ ಹೋಗಿ ಮಲಗಿದರು.

ಪರದೆಯ ತುಂಬ ಗುಂಡಿಗಳು, ಗೆರೆಗಳು, ಅಲೆಗಳು. ಅತ್ತೆ ಕನ್ನಡಕ ಏರಿಸಿ ಎಲ್ಲವನ್ನೂ ಒಂದು ಸುತ್ತು ನೋಡಿದಳು.

"ಕತ್ತರಿ ಎಲ್ಲೈತಿ?"

"ಇದ ನೋಡ್ರಿ, ಬ್ಲೇಡ್."

ಒಂದು ಕಡೆ ಕತ್ತರಿಸಿದಳು. ಮುಂದಿನದೆಲ್ಲ ಜಾರಿಕೊಂಡು ಬಂದು, ಮಹಾಬಳೇಶ್ವರದಲ್ಲಿ ನಿಂತ ಮಾವನ ಮೇಲೆ ಸ್ವಪ್ನಾಳ ಮದುವೆಯ ಬ್ಯಾಂಡು ಬಾರಿಸತೊಡಗಿತು. ಸರಿಪಡಿಸಲು ಹೋದರೆ ಬ್ಯಾಂಡ್ ಉಳಿಯಿತು, ಮಾವ ಮಾಯವಾದರು. ನಾನು ಹತ್ತು ಗುಂಡಿ ಒತ್ತಿದೆ. ರಂಜನ್‌ಗೆ ಫೋನ್ ಹಚ್ಚಿದರೆ ಅವನು "ಪಹಲೇ ಬೇಸಿಕ್ಸ್ ಸೀಖ್ನಾ ಪಡ್ತಾ ಹೈ" ಎಂದು ಉಪದೇಶ ಮಾಡಿದ.

ಅತ್ತೆ ಲ್ಯಾಪ್‌ಟಾಪಿನ ಮುಚ್ಚಳ ಹಾಕಿದಳು. "ಖುಷಿ, ಇದು ಮದುವಿ ಅಡಗಿ ಮಾಡೂ ಕೊಪ್ಪರಗಿ. ನಾವು ಇಬ್ಬರಿದ್ದೀವಿ. ನನಗ ಒಗ್ಗರಣಿ ಸೌಟು ಸಾಕು."

ಮೂರನೆಯದು ಇಂಟರ್ನೆಟ್ಟಿನಲ್ಲೇ ನಡೆಯುವಂಥದ್ದು, ಏನೂ ಹಾಕಿಕೊಳ್ಳಬೇಕಿಲ್ಲ. ಸುಂದರವಾದ ಚೌಕಟ್ಟುಗಳು ಬೇಕಾದಷ್ಟಿದ್ದವು. ಅತ್ತೆ ಹೂವಿನದೊಂದು ಚಂದ ಕಂಡು ಒತ್ತಿದಳು. ಮಾವನ ಮುಖ ಬಂತು, ಸುತ್ತ ಚೆಂಡುಹೂವಿನ ಹಾರ ಬಂತು, ಕೆಳಗೆ ದೀಪ ಹತ್ತಿತು, ಹಿನ್ನೆಲೆಯಲ್ಲಿ ಕೊಳಲು. ಅತ್ತೆ ಕುರ್ಚಿಯಿಂದ ಎದ್ದೇ ಬಿಟ್ಟಳು. ಆ ಹೊತ್ತಿಗೆ ಮಾವ ಹೊರಗೆ ತುಳಸಿಗೆ ನೀರು ಹಾಕುತ್ತಿದ್ದರು. ಅವರನ್ನು ಒಳಗೆ ಕರೆದು ಕೂರಿಸಿ, ಕಾರಣ ಹೇಳದೆ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಲ್ಯಾಪ್‌ಟಾಪಿಗೂ ನಿವಾಳಿಸಿದಳು.

"ಇದಕ್ಕ ಯಾಕ?" ಎಂದರು ಮಾವ.

"ಅದರ ಕಣ್ಣೂ ಛಲೋ ಇಲ್ಲ."

ಹೀಗೆ ಮೂರು ಹೋದವು. ನಾನು ಕುಳಿತು ಹುಡುಕಿದೆ. ಮನೆ ಬಳಕೆಗೆ, ಫೋಟೋ ವಿಡಿಯೊ ಎರಡಕ್ಕೂ ಒಂದೇ, ಇಂಟರ್ನೆಟ್ ಬೇಡ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡಬೇಕು, ಮೂಲೆಯಲ್ಲಿ ತನ್ನ ಹೆಸರು ಬರೆದುಕೊಳ್ಳಬಾರದು. ಕೊನೆಗೆ ನವಿಲಿನ ಗುರುತಿನದೊಂದು ಸಿಕ್ಕಿತು. ಒಂದೇ ಸಲ ಕೊಂಡರೆ ಮುಗಿಯಿತು. ಅದರ ಭಾಷೆಯನ್ನು ಅತ್ತೆ ಹಿಂದಿಯಲ್ಲಿ ಇಟ್ಟುಕೊಂಡಳು. ಎರಡು ದಿನ ಏನೂ ದೂರು ಬರಲಿಲ್ಲ. ನವಿಲು ಛಲೋ ಐತಿ, ನವಿಲಿನ ಕತ್ತರಿ ಬರೋಬರ್ ಕತ್ತರಸ್ತೈತಿ, ಕೊಯ್ದದ್ದನ್ನ ತಿರುಗಿ ಕೂಡಸ್ತೈತಿ, ಇದು ಅವತ್ತು ಇದ್ದಿದ್ರ ನಮ್ಮತ್ತಿ ಕಿವಿ ಉಳೀತಿತ್ತು ಎಂದಳು.

ನವಿಲಿನಲ್ಲಿ ಇನ್ನೊಂದು ಜಾಣತನ ಇತ್ತು. ಸಾವಿರಾರು ಫೋಟೋಗಳನ್ನು ಅದರೊಳಗೆ ಸುರಿದು, ಒಂದು ಮುಖಕ್ಕೆ ಹೆಸರು ಕೊಟ್ಟರೆ ಸಾಕು, ಆ ಮುಖ ಇರುವ ಎಲ್ಲ ಫೋಟೋ, ವಿಡಿಯೊಗಳನ್ನು ತಾನೇ ಹೆಕ್ಕಿ ಒಂದೆಡೆ ಇಡುತ್ತದೆ. ಇದನ್ನು ನಾನೇ ಹೇಳಿಕೊಟ್ಟೆ. ನನಗೆ ಪರೀಕ್ಷೆ ಬಂದಿತ್ತು, ಕೋರಾಡಿಗೆ ಹೋಗುವಂತಿರಲಿಲ್ಲ. ಫೋನಿನಲ್ಲೇ ಆಗಲಿ ಎಂದೆ.

"ಖುಷಿ, ಇದು ಅವರ ಮುಖದ ಸುತ್ತ ಒಂದು ಗೆರಿ ಹಾಕೈತಿ. ಕೆಳಗ ಕೇಳಾಕತ್ತೈತಿ."

"ಏನಂತ ಕೇಳ್ತೈತಿ?"

"'ಯೇ ಕೌನ್ ಹೈ?' ಅಂತ, ಇಂವ ಯಾರು ಅಂದಂಗ. ಅವರಿಗೆ ಹಂಗ ಅಂತೈತಿ ನೋಡು. ಸ್ವಲ್ಪರ ಮರ್ಯಾದಿ ಬ್ಯಾಡಾ?"

"ಹೋಗ್ಲಿ ಬಿಡ್ರಿ ಅತ್ತಿ. ಅಲ್ಲಿ ಹೆಸರು ಟೈಪ್ ಮಾಡ್ರಿ."

ಆ ಕಡೆ ಕುಕ್ಕರ್ ಒಂದು ಸೀಟಿ ಹೊಡೆದದ್ದು ಕೇಳಿಸಿತು.

"ಅತ್ತಿ?"

"ಅವರು ಯಾರಂತ ನಿನಗ ಗೊತ್ತಿಲ್ಲೇನ?"

"ನನಗ ಗೊತ್ತೈತಿ. ಅದಕ್ಕ ಗೊತ್ತಿಲ್ಲ."

"ಮತ್ತ ನೀನ ಹೇಳು ಅದಕ್ಕ."

"ನಾ ಇಲ್ಲಿಂದ ಹೆಂಗ ಹೇಳ್ಲಿ? ಅತ್ತಿ, ಇದು ಅನ್ನೂದಲ್ಲ, ಬರಿಯೂದು. ಬಾಯಿಲೆ ಅನ್ನಬ್ಯಾಡ್ರಿ, ಬೆರಳಿಲೆ ಬರೀರಿ."

"ಬರಿಯೂವಾಗ ಮನಸಿನ್ಯಾಗ ಅನ್ನೂದಿಲ್ಲೇನ?"

ಇದನ್ನು ನಮ್ಮ ಕಾಲೇಜಿನಲ್ಲಿ ಯಾವ ಮೇಷ್ಟ್ರೂ ಕಲಿಸಿರಲಿಲ್ಲ. ನಾನು ಬೇರೆ ದಾರಿ ಹಿಡಿದೆ.

"ಪ್ರಭಾ ಆಂಟಿಗೆ ಹೇಳ್ರಿ, ಅವರು ಬಂದು ಬರೀತಾರ."

"ಆಕಿ ಕೈಲೆ ಬರಸೂದಕ್ಕಿಂತ ಸ್ಟುಡಿಯೋದವನ ಛಲೋ."

ಮಾವನಿಗೇ ಹೇಳುವಂತಿಲ್ಲ, ಗುಟ್ಟು. ಹೆಸರಿಲ್ಲದೆ ಬಿಟ್ಟು ಮುಂದೆ ಹೋಗಿ ಎಂದರೆ ನವಿಲು ಫೋಟೋ ಹೆಕ್ಕುವುದಿಲ್ಲ. ಅತ್ತೆ ಹಟ ಬಿಡದೆ ಉಳಿದ ಮುಖಗಳಿಗೆಲ್ಲ ಹೆಸರು ಕೊಟ್ಟಳು. ಮಗಳಿಗೆ ಕೊಟ್ಟಳು, ನನಗೆ ಕೊಟ್ಟಳು, ಪ್ರಭಾ ಆಂಟಿಗೂ ಕೊಟ್ಟಳು. ನವಿಲು ಗುಡಿಯ ದೇವಿಯನ್ನು ಗೆರೆ ಹಾಕಿ "ಯೇ ಕೌನ್ ಹೈ?" ಎಂದಿತಂತೆ, ಅತ್ತೆ ಕೈಮುಗಿದು "ಜಗದಂಬಾ" ಎಂದು ಬರೆದಳು. ಹಳೆಯ ಕೂಲರಿನ ಮುಂದಿನ ಜಾಲರಿಯನ್ನು ಮುಖವೆಂದು ತಿಳಿದು ಕೇಳಿದಾಗ "ಕೂಲರ್" ಎಂದು ಬರೆದಳು. ಕೋರಾಡಿಯಲ್ಲಿ ದೇವರಿಂದ ಕೂಲರಿನವರೆಗೆ ಎಲ್ಲರಿಗೂ ಹೆಸರಾಯಿತು, ಯಾರ ಸಲುವಾಗಿ ಇಷ್ಟೆಲ್ಲ ನಡೆದಿತ್ತೋ ಆ ಒಬ್ಬರನ್ನು ಬಿಟ್ಟು.

"ಹೆಸರು ಕೇಳದಂಥಾದ್ದೊಂದು ಹುಡುಕು" ಎಂದಳು.

"ಅಂಥಾದ್ದು ಇಲ್ಲ ಅತ್ತಿ. ಇದ್ದಿದ್ದ್ರಾಗ ಇದ ಬೆಸ್ಟ್. ದಿನಾನೂ ಉಳಿದಿಲ್ಲ. ಇಲ್ಲಾಂದ್ರ ಸ್ಟುಡಿಯೋದವನ ಫೋನ್ ನಂಬರ್ ನೋಡ್ಕೋತ ಕುಂದ್ರಬೇಕಾಗ್ತೈತಿ."

ಮರುದಿನ ಬೆಳಿಗ್ಗೆ ಅವಳ ವಾಯ್ಸ್ ನೋಟ್ ಬಂತು. ಬಹಳ ಸಮಾಧಾನದ ದನಿ. "ಆತು. ಒಪ್ಪಿಕೊಂಡ್ತು. ಎಲ್ಲಾ ಫೋಟೋ ಹೆಕ್ಕೈತಿ. ಹೆಲ್ಮೆಟ್ ಹಾಕಿದ್ದೂ ಹುಡಕೈತಿ."

ನಾನು ತಕ್ಷಣ ಫೋನ್ ಮಾಡಿದೆ. "ಏನಂತ ಬರದ್ರಿ?"

"ದಿನಾ ಕರಿಯೂದು ಏನೈತಿ, ಅದ ಬರದೆ."

"ಏನಂತ?"

"ಏನ್ರಿ."

"ನನಗ ಯಾಕ 'ರಿ' ಅಂತೀರಿ? ಏನಂತ ಬರದ್ರಿ ಹೇಳ್ರಿ."

"ಅದ ಬರದೆ. ಏನ್ರಿ."

ನಾನು ಕ್ಲಾಸಿನ ಹೊರಗೆ ಮೆಟ್ಟಿಲ ಮೇಲೆ ಕೂತು ಎಷ್ಟು ನಕ್ಕೆ ಎಂದರೆ ಚೌಕಿದಾರ್ ಬಂದು ನೀರು ಕೊಟ್ಟ. ನವಿಲಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಅಂದಿನಿಂದ ಲ್ಯಾಪ್‌ಟಾಪ್ ತೆರೆದಾಗೆಲ್ಲ "ಏನ್ರಿ ಕೀ ನಯೀ ಯಾದೇಂ ತಯ್ಯಾರ್ ಹೈಂ" ಎಂದು, ಏನ್ರಿಯ ಹೊಸ ನೆನಪುಗಳು ಸಿದ್ಧವೆಂದು, ತೋರಿಸತೊಡಗಿತು. ಮೀಸೆ ತೆಗೆಸಿದ ಕಾಲದ ಒಂದು ಫೋಟೋ ತಂದು "ಕ್ಯಾ ಯೇ ಭೀ ಏನ್ರಿ ಹೈಂ?" ಎಂದು ಕೇಳಿತಂತೆ. "ಈಗ ನೋಡು, ಮರ್ಯಾದಿಲೆ 'ಹೈಂ' ಅಂತೈತಿ. ಕಲೀತು" ಎಂದಳು ಅತ್ತೆ.

ಮಾವ ಡ್ಯೂಟಿಗೆ ಹೋದಾಗೆಲ್ಲ ಕೂತು ಸಿನಿಮಾ ಕಟ್ಟಿದಳು. ಕೊನೆಯ ಚೌಕಕ್ಕೆ ಅವಳು ಪಟ್ಟ ಕಷ್ಟ ಬೇರೆ ಯಾವುದಕ್ಕೂ ಪಡಲಿಲ್ಲ. "ಫೋಟೋ, ವಿಡಿಯೊ, ಜೋಡಣೆ: ಕಾಶಿಬಾಯಿ" ಎಂದು ಬರೆದು, ತನ್ನ ಇಳಕಲ್ ಸೀರೆಯ ಅಂಚಿನ ಕೆಂಪು ಬಣ್ಣವೇ ಬರಬೇಕೆಂದು ಸೀರೆಯನ್ನು ಪರದೆಯ ಪಕ್ಕ ಹಿಡಿದು ಹೊಂದಿಸಿದಳು. ಸಿನಿಮಾ ತಯಾರಾದ ಮೇಲೆ ದಿನವೂ ಒಮ್ಮೆ ಓಡಿಸಿ ಬರೀ ಕೊನೆ ನೋಡುತ್ತಿದ್ದಳು, ಅಲ್ಲಿ ಬೇರೆ ಯಾರಾದರೂ ತಮ್ಮ ಹೆಸರು ಸೇರಿಸಿದ್ದಾರೋ ಎಂದು. ಯಾರೂ ಸೇರಿಸಿರಲಿಲ್ಲ. ಶುರುವನ್ನು ಮಾತ್ರ ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಆ ದಿನ ಬಂತು. ಕಾಲೊನಿಯ ಸಭಾಂಗಣ ತುಂಬಿತ್ತು. ಮಾವ ಮೊದಲ ಸಾಲಿನಲ್ಲಿ ವಿದ್ಯುತ್ ಕೇಂದ್ರದ ದೊಡ್ಡ ಸಾಹೇಬರ ಪಕ್ಕ, ಕೊರಳಲ್ಲಿ ಹಾರ, ಮಡಿಲಲ್ಲಿ ತೆಂಗಿನಕಾಯಿ. ಅತ್ತೆ ಹೆಂಗಸರ ಸಾಲಿನಲ್ಲಿ, ಅದೇ ಇಳಕಲ್ ಸೀರೆಯಲ್ಲಿ, ನನ್ನ ಮಣಿಕಟ್ಟು ಹಿಡಿದು ಕೂತಿದ್ದಳು. ಹಿಂದೆ ಪ್ರಭಾ ಆಂಟಿ. ಲ್ಯಾಪ್‌ಟಾಪ್ ನೋಡಿಕೊಳ್ಳುತ್ತಿದ್ದವನು ಮಾವನ ಕೈಕೆಳಗೆ ಕೆಲಸ ಕಲಿತ ನಂದೀಶ. ದೀಪ ಆರಿತು.

ಪರದೆಯ ಮೇಲೆ ಸೂರ್ಯನ ಕಿರಣ, ಕಿರಣದ ನಡುವಿನಿಂದ ಬಂಗಾರದ ಅಕ್ಷರ, ಗೋಡೆಯಗಲ: ಏನ್ರಿ.

ಯಾರ ಫೋಟೋಗಳನ್ನು ಹೆಕ್ಕಿದೆಯೋ ಅವರ ಹೆಸರನ್ನೇ ನವಿಲು ಸಿನಿಮಾದ ಹೆಸರಾಗಿ ಇಟ್ಟುಬಿಟ್ಟಿತ್ತು.

ಕನ್ನಡದವರ ಮೂರು ಸಾಲು ಮೊದಲು ನಕ್ಕಿತು. ಸಾಹೇಬರು ಹಿಂದೆ ತಿರುಗಿ ನಂದೀಶನಿಗೆ "ಹೇ ಕಾಯ್ ಆಹೇ?" ಎಂದು, ಇದೇನೆಂದು, ಮರಾಠಿಯಲ್ಲಿ ಕೇಳಿದರು. ಅವನು ಸಂಕೋಚದಿಂದ "ಅಹೋ, ಸರ್. ಆಪಲ್ಯಾಕಡಚಂ ಅಹೋ" ಎಂದ. ಮರಾಠಿ ಹೆಂಗಸರು ಗಂಡನನ್ನು ಕರೆಯುವುದು 'ಅಹೋ' ಎಂದೇ. ಅದು ಕಿವಿಯಿಂದ ಕಿವಿಗೆ ದಾಟಿ, ಒಂದು ಕ್ಷಣದ ಮೇಲೆ ಮರಾಠಿಯ ಹತ್ತು ಸಾಲು ನಕ್ಕಿತು. ಸಾಹೇಬರ ಹೆಂಡತಿ ಕರವಸ್ತ್ರ ಬಾಯಿಗೆ ಇಟ್ಟುಕೊಂಡರು.

ಅಷ್ಟರಲ್ಲಿ ಮೊದಲ ವಿಡಿಯೊ ಬಂತು. ಮಾವ ಕೈ ಕಟ್ಟಿ ನಿಂತಿದ್ದಾರೆ. ಕ್ಯಾಮೆರಾದ ಹಿಂದಿನಿಂದ ಅತ್ತೆಯ ದನಿ, ಸಭಾಂಗಣದ ಸ್ಪೀಕರಿನಲ್ಲಿ: "ಏನ್ರಿ, ಈ ಕಡೆ ನೋಡ್ರಿ."

"ನೋಡಾಕತ್ತೀನಲ್ಲ" ಎಂದರು ಮಾವ, ಮೊದಲ ಸಾಲಿನಿಂದ, ಗಟ್ಟಿಯಾಗಿ. ಆಮೇಲೆ ತಾನು ಎಲ್ಲಿದ್ದೇನೆ ಎಂದು ನೆನಪಾಗಿ ತೆಂಗಿನಕಾಯಿಯನ್ನು ಎರಡೂ ಕೈಯಿಂದ ಹಿಡಿದುಕೊಂಡರು.

ಮುಂದೆ ಮಹಾಬಳೇಶ್ವರ. "ಏನ್ರಿ, ಟೊಪಗಿ ತೆಗೀರಿ." ಕೂತಲ್ಲೇ ಮಾವನ ಕೈ ತಲೆಗೆ ಹೋಯಿತು, ಅಲ್ಲಿ ಸತ್ಕಾರದ ಪೇಟ ಇತ್ತು. ಆಮೇಲೆ ಸಭೆಯವರೇ ಹೇಳತೊಡಗಿದರು. ಪರದೆಯ ಮೇಲೆ ಮಾವ ಬಂದಾಗೆಲ್ಲ ಇಡೀ ಸಭೆ "ಏನ್ರಿ" ಎನ್ನುತ್ತಿತ್ತು. ಹೆಲ್ಮೆಟ್ ಹಾಕಿದ ಏನ್ರಿ, ಮೀಸೆ ಇಲ್ಲದ ಏನ್ರಿ, ಅಳಿಯನ ಕಾಲು ತೊಳೆಯುವ ಏನ್ರಿ. ಯಾವುದರಲ್ಲೂ ನಗು ಇರಲಿಲ್ಲ, ಅದಕ್ಕೇ ಜನ ಇನ್ನಷ್ಟು ನಕ್ಕರು.

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆಂದು ನಾನು ಹೆದರಿದೆ.

"ಅತ್ತಿ, ಬಂದ್ ಮಾಡ್ಸಲಾ?"

"ಸುಮ್ನ ಕುಂದ್ರು. ಕೊನಿ ಬರ್ಲಿ" ಎಂದಳು ಸೆರಗಿನ ಒಳಗಿನಿಂದ. "ನಗೂರು ನಗ್ಲಿ. ಕೊನಿಗೆ ಕಾಣಸ್ತೈತಲ್ಲ."

ಕೊನೆಯ ಫೋಟೋ ಬಂತು, ಚಿಮಣಿಯ ಕೆಳಗೆ ಮಾವ ಒಬ್ಬರೇ. ಅತ್ತೆ ಸೆರಗು ತೆಗೆದು ನೆಟ್ಟಗೆ ಕೂತಳು. ಆಗಲೇ ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಾಹೇಬರು ಎದ್ದ ಮೇಲೆ ಎಲ್ಲರೂ ಎದ್ದರು. ಮುಗಿಯಿತೆಂದುಕೊಂಡ ನಂದೀಶ ದೀಪ ಹಾಕಿ, ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ.

ಪರದೆ ಬೆಳ್ಳಗಾಯಿತು. ಅತ್ತೆ ನನ್ನ ಮಣಿಕಟ್ಟು ಬಿಟ್ಟಳು. ಮಡಿಲಿನಲ್ಲಿದ್ದ ಪರ್ಸಿನ ಜಿಪ್ ತೆಗೆದಳು, ಹಾಕಿದಳು.

ಹಿಂದಿನಿಂದ ಪ್ರಭಾ ಆಂಟಿ ಬಗ್ಗಿದರು. "ಕಾಶಿಬಾಯಿ, ಯಾವ ಸ್ಟುಡಿಯೋದೋರು ರೀ ಇದು? ನಮ್ಮೋರದ್ದಕ್ಕಿಂತ ಚೆನ್ನಾಗಿ ಮಾಡಿದಾರೆ."

ಅತ್ತೆ ತಿರುಗಿ ನೋಡಿದಳು. ನಾನು ಹೇಳಲು ಹೊರಟರೆ ಮೊಣಕೈಯಿಂದ ತಿವಿದಳು. ಹೆಸರನ್ನು ಬೇಡಿ ಹೇಳಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

ಮುಂದೆ ಸಾಹೇಬರು ಮೈಕ್ ಹಿಡಿದಿದ್ದರು. ಅವರ ಮಗಳ ಮದುವೆ ಹತ್ತಿರ ಇತ್ತು. "ಸೋಮಣ್ಣಾ, ಸ್ಟುಡಿಯೋ ಕೋಣತಾ?" ಎಂದು, ಯಾವ ಸ್ಟುಡಿಯೋ ಎಂದು ಕೇಳಿ ಮೈಕನ್ನು ಮಾವನ ಬಾಯಿಗೆ ಹಿಡಿದರು.

ಮಾವನಿಗೆ ಆ ಸಿನಿಮಾದ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಆದರೆ ಆ ದನಿ ಗೊತ್ತಿತ್ತು, ಟವೆಲ್ ಹೊದ್ದ ಮಿಕ್ಸರ್ ಗೊತ್ತಿತ್ತು, ನಿವಾಳಿಸಿದ್ದು ಗೊತ್ತಿತ್ತು. ಅವರ ತಲೆಯಲ್ಲಿ ಅದೆಲ್ಲ ಒಂದೊಂದಾಗಿ ಸೇರಿಕೊಳ್ಳುವುದು ನಮಗೆ ಇಲ್ಲಿಂದಲೇ ಕಾಣುತ್ತಿತ್ತು.

"ಸ್ಟುಡಿಯೋ ನಾಹೀ ಸಾಹೇಬ. ಘರೀಚ್." ಮನೆಯಲ್ಲೇ ಎಂದರು ಮಾವ.

"ಘರೀ? ಕೋಣೀ ಕೇಲಂ?" ಯಾರು ಮಾಡಿದ್ದು ಎಂದರು ಸಾಹೇಬರು.

"ಹಿನೇ" ಎಂದರು ಮಾವ, ನಮ್ಮ ಸಾಲಿನ ಕಡೆ ಗದ್ದ ತೋರಿಸಿ. 'ಇವಳು' ಎಂದ ಹಾಗೆ.

"ಹೀ ಮ್ಹಣಜೇ ಕೋಣ? ನಾವ್ ಸಾಂಗಾ ನಾ." ಇವಳೆಂದರೆ ಯಾರು, ಹೆಸರು ಹೇಳಿ ಎಂದರು ಸಾಹೇಬರು.

ಈಗ ನಾನು ಒಂದು ಮಾತು ಹೇಳಬೇಕು. ಮಾವ ಕೂಡ ಅತ್ತೆಯ ಹೆಸರು ಹಿಡಿದು ಕರೆದವರಲ್ಲ. "ಏ, ಕೇಳಿಲ್ಲಿ" ಎನ್ನುತ್ತಾರೆ, ಇಲ್ಲವೆ ಬಾಗಿಲ ಬಳಿ ನಿಂತು ಕೆಮ್ಮುತ್ತಾರೆ. ಮೈಕ್ ಮುಂದೆ ಅವರು ಕೆಮ್ಮಿದರು. ಸ್ಪೀಕರಿನಲ್ಲಿ ಅದು ಬಹಳ ದೊಡ್ಡದಾಗಿ ಕೇಳಿಸಿತು. ಫ್ಯಾನ್ ನೋಡಿದರು. ಸಾಹೇಬರನ್ನು ನೋಡಿದರು. ಅತ್ತೆ ಪರ್ಸಿನ ಜಿಪ್ ಅರ್ಧಕ್ಕೆ ನಿಲ್ಲಿಸಿದ್ದಳು.

ಆಗ ಮರಾಠಿ ಹೆಂಗಸರ ಸಾಲಿನಿಂದ ಯಾರೋ "ಉಖಾಣಾ" ಎಂದರು. ಇನ್ನೊಬ್ಬರು "ಉಖಾಣಾ ಘ್ಯಾ" ಎಂದರು. ನಮ್ಮವರು "ಒಡಪು, ಒಡಪು" ಎಂದರು. ಎರಡೂ ಒಂದೇ. ಮದುವೆಯಲ್ಲಿ, ಬಸುರಿಯ ಕುಬುಸದಲ್ಲಿ ಹೆಂಗಸರನ್ನು ತಡೆದು ನಿಲ್ಲಿಸಿ ಹೇಳಿಸುವುದು: ಎರಡು ಸಾಲಿನ ಪ್ರಾಸ ಕಟ್ಟಿ ಅದರೊಳಗೆ ಜೋಡಿಯ ಹೆಸರು ಸೇರಿಸಿದರೆ ಹೆಸರು ಹೇಳಿದ ದೋಷ ಇಲ್ಲ. ಗಂಡಸರು ಹೇಳುವುದು ಅಪರೂಪ. ಕಲ್ಲಿದ್ದಲು ವಿಭಾಗದವರು ಹೇಳಿದ್ದು ಆ ಸಭಾಂಗಣದಲ್ಲಿ ಯಾರೂ ಕೇಳಿರಲಿಲ್ಲ.

ಮಾವ ತೆಂಗಿನಕಾಯಿಯನ್ನು ಸಾಹೇಬರ ಕೈಗೆ ಕೊಟ್ಟರು. ಕೈ ಹಿಂದೆ ಕಟ್ಟಿದರು. ನೆಟ್ಟಗೆ ನಿಂತರು.

"ಬಾಯ್ಲರಿಗೆ ಬೇಕು ಕಲ್ಲಿದ್ದಲು, ಟರ್ಬೈನಿಗೆ ಬೇಕು ಉಗಿ" ಎಂದರು.

ಅಲ್ಲಿಗೆ ನಿಂತರು. ಮುಂದಿನದು ಬರಲಿಲ್ಲ. ಬೆವರು ಒರೆಸಿಕೊಂಡರು. ಸಾಹೇಬರು ತೆಂಗಿನಕಾಯಿ ಹಿಡಿದು ಕಾಯುತ್ತಿದ್ದರು. ಅತ್ತೆಯ ತುಟಿ ತಾನಾಗಿಯೇ ಅಲುಗುತ್ತಿತ್ತು, ಪರೀಕ್ಷೆಯಲ್ಲಿ ಮಗನಿಗೆ ಹೇಳಿಕೊಡುವ ತಾಯಿಯ ಹಾಗೆ.

"ಕಾಶಿಬಾಯಿ ಕ್ಯಾಮೆರಾ ಹಿಡಿದಾಗೆಲ್ಲಾ ನನಗ ಬರ್ತೈತಿ ನಗಿ" ಎಂದು ಮಾವ ಮುಗಿಸಿದರು.

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಈಗಷ್ಟೇ ಇಡೀ ಸಿನಿಮಾದಲ್ಲಿ ಒಮ್ಮೆಯೂ ನಗದ ಮನುಷ್ಯನನ್ನು ಎಲ್ಲರೂ ನೋಡಿದ್ದರಲ್ಲ. ಕನ್ನಡ ಬಾರದವರೂ ಹೆಸರನ್ನು ಹಿಡಿದುಕೊಂಡು "ಕಾಶಿಬಾಯಿ, ಕಾಶಿಬಾಯಿ" ಎಂದು ನಮ್ಮ ಸಾಲಿನ ಕಡೆ ತಿರುಗಿದರು. ಪ್ರಭಾ ಆಂಟಿ ಅತ್ತೆಯ ಭುಜ ಹಿಡಿದು "ನೀವಾ ಮಾಡಿದ್ದು? ನೀವೇನಾ?" ಎಂದು ಅಲುಗಾಡಿಸುತ್ತಿದ್ದರು.

ಅತ್ತೆಯ ಮುಖ ಇಳಕಲ್ ಅಂಚಿನಷ್ಟೇ ಕೆಂಪಾಗಿತ್ತು. ಆದರೂ ನನ್ನ ಕಿವಿಯ ಬಳಿ ಬಗ್ಗಿ ಹೇಳಿದ್ದು ಇದು: "ಸುಳ್ಳ ಹೇಳ್ತಾರ. ಒಂದ ಫೋಟೋದಾಗರ ನಕ್ಕಾರೇನ ಕೇಳು."

ಜನ ಊಟದ ಕಡೆ ಹೊರಟರು. ನಂದೀಶ ಓಡಿ ಬಂದ. ಅವನಿಗೆ ಯಾರೋ ಹೇಳಿರಬೇಕು, ಇಲ್ಲವೆ ತಾನೇ ಲ್ಯಾಪ್‌ಟಾಪ್ ತೆರೆದು ನೋಡಿರಬೇಕು. ಮುಖ ಬಿಳಿಚಿತ್ತು.

"ಕಾಕು, ತಪ್ಪಾತ್ರಿ. ಕೊನಿಗೆ ನಿಮ್ಮ ಹೆಸರಿತ್ತು, ನಾ ಬಂದ್ ಮಾಡಿಬಿಟ್ಟೆ. ಎಲ್ಲಾರಿಗೂ ಕುಂದ್ರಾಕ ಹೇಳ್ತೀನಿ. ಎರಡ ನಿಮಿಷ, ಇನ್ನೊಮ್ಮೆ ಹಾಕ್ತೀನ್ರಿ."

ಅತ್ತೆ ಎದ್ದು ಸೆರಗು ಸರಿಮಾಡಿಕೊಂಡಳು.

"ಬ್ಯಾಡ ಬಿಡಪಾ. ಎಲ್ಲಾರೂ ಕೇಳ್ಯಾರ. ನಡಿ ಜಲ್ದಿ, ಜಿಲೇಬಿ ಆರಾಕತ್ತಾವು."